ಕೊಳಗ ಯಾರ ಕೈಯಲ್ಲಿರಬೇಕು?

ನಮ್ಮ ಕ್ಷೇತ್ರದ ಚುನಾವಣಾ ಕಣದಲ್ಲಿ ಈ ಸಲ ಒಬ್ಬ ಬಡ ಉಮೇದುವಾರರು ನಿಂತಿದ್ದಾರೆ. ಅವರಿಗೆ ಕಾರಿಲ್ಲ, ಕಲ್ಯಾಣಮಂಟಪವಿಲ್ಲ, ಕಲ್ಲುಕ್ವಾರಿಯಿಲ್ಲ, ಕಾಲೇಜಿಲ್ಲ. ಇಷ್ಟೆಲ್ಲ ಇಲ್ಲದವರು ವಿಧಾನಸಭೆಗೆ ಹೋಗಿ ಮಾಡುವುದೇನು ಎಂದು ಹಾಲಿ ಶಾಸಕರ ಹಿಂಬಾಲಕರು ಸಂತೆಮಾಳದಲ್ಲಿ ನಿಂತು ನಗುತ್ತಿದ್ದಾರೆ. ನಗಲಿ. ನಗುವ ಮಹಾಶಯರನ್ನು ನಾವು ಕೇಳುವುದು ಇಷ್ಟೇ: ಇಷ್ಟೆಲ್ಲ ಇದ್ದವರು ಅಲ್ಲಿಗೆ ಹೋಗಿ ಇದುವರೆಗೆ ಮಾಡಿದ್ದೇನು?

ನಮ್ಮ ಪತ್ರಿಕೆ ಈ ಉಮೇದುವಾರರನ್ನು ಬೆಂಬಲಿಸುತ್ತದೆ. ಸುತ್ತಿ ಬಳಸಿ ಹೇಳುವ ಅಭ್ಯಾಸ ನಮಗಿಲ್ಲ. ಅವರ ಹೆಸರನ್ನು ಮಾತ್ರ ಈ ಲೇಖನದಲ್ಲಿ ಅಚ್ಚು ಹಾಕಿಲ್ಲ. ಇಂದು ಚುನಾವಣೆಯ ಕಾಲದಲ್ಲಿ ಹೆಸರು, ಚಿಹ್ನೆ ಹಾಕಿ ಹೊಗಳಿ ಬರೆದರೆ ಅದು ಬರಹವೋ ಕಾಸು ಪಡೆದ ಸುದ್ದಿಯೋ ಎಂದು ಜಿಲ್ಲೆಯ ಮಾಧ್ಯಮ ಸಮಿತಿಯವರು ಕೇಳುತ್ತಾರೆ. ಅದರ ಬೆಲೆಯನ್ನು ಆ ಬಡಪಾಯಿಯ ಖರ್ಚಿಗೆ ಸೇರಿಸಿದರೆ ಅವರು ಎಲ್ಲಿಂದ ತಂದಾರು? ಕೇಳುವುದು ಸರಿಯೇ. ಪುಟಗಟ್ಟಲೆ ಸ್ತುತಿಯನ್ನು ಸುದ್ದಿಯೆಂದು ಮಾರಿಕೊಂಡ ದೊಡ್ಡ ಪತ್ರಿಕೆಗಳ ಪಾಪಕ್ಕೆ ಸಣ್ಣವರೂ ಉತ್ತರ ಹೇಳಬೇಕಾಗಿದೆ. ಯಾರನ್ನು ಕುರಿತು ಬರೆದಿದ್ದೇವೆಂಬುದು ತಾಲ್ಲೂಕಿನ ವಾಚಕರಿಗೆ ತಿಳಿಯದ ಸಂಗತಿಯಲ್ಲ. ಅವರಿಂದ ನಾವು ಕಾಸು ಪಡೆದಿಲ್ಲ. ನಮ್ಮ ಕಚೇರಿಯ ನಾಲ್ವರು ತಮ್ಮ ಜೇಬಿನಿಂದ ಕೊಟ್ಟು ರಸೀತಿ ಪಡೆದಿದ್ದೇವೆ.

ಅವರು ಮಾಡಿದ ದೊಡ್ಡ ಸಾಧನೆ ಯಾವುದು ಎಂದು ಕೇಳುತ್ತಾರೆ. ದೊಡ್ಡದೇನೂ ಇಲ್ಲ. ಹಳ್ಳಿಯ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದಷ್ಟು ಕಾಲ ತಿಂಗಳ ಲೆಕ್ಕವನ್ನು ಸಂಘದ ಹೊರಗೋಡೆಗೆ ಅಂಟಿಸುತ್ತಿದ್ದರು. ಯಾರಿಗೆ ಎಷ್ಟು ಸಾಲ, ಯಾರದು ಬಾಕಿ, ಎಷ್ಟು ಚೀಲ ಗೊಬ್ಬರ ಬಂತು, ಎಷ್ಟು ಹಂಚಿತು, ಎಲ್ಲವೂ ಗೋಡೆಯ ಮೇಲೆ. ಬಾಕಿದಾರರ ಪಟ್ಟಿಯಲ್ಲಿ ಊರ ದೊಡ್ಡ ಮನೆಯವರ ಹೆಸರು ಬಂದ ತಿಂಗಳು ಆ ಕಾಗದವನ್ನು ಯಾರೋ ಹರಿದರು. ಮರುದಿನ ಇನ್ನೊಂದು ಅಂಟಿತು. ಅದನ್ನೂ ಹರಿದರು. ಆಮೇಲೆ ಅವರು ಗೋಡೆಗೆ ಸುಣ್ಣ ಹೊಡೆದು ಇದ್ದಿಲಿನಲ್ಲಿ ಬರೆದರು. ಗೋಡೆಯನ್ನು ಹರಿಯುವುದು ಹೇಗೆ? ಮುಂದಿನ ಆಡಳಿತ ಮಂಡಳಿಯ ಚುನಾವಣೆಯಾದ ಮೇಲೆ ಅವರ ಕೆಲಸ ಹೋಯಿತು. ನಮ್ಮ ಉಮೇದುವಾರರ ಚರಿತ್ರೆ ಇಷ್ಟೇ. ಸ್ವಚ್ಛ ಸರಕಾರವೆಂದರೆ ಏನೆಂದು ಅವರನ್ನು ಕೇಳಿದರೆ ಸಿದ್ಧಾಂತದ ಮಾತು ಬರುವುದಿಲ್ಲ; ಗೋಡೆಯ ಮಾತೇ ಬರುತ್ತದೆ.

ಅವರಲ್ಲಿ ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಭಾಷಣ ಮಾಡಲು ಬಾರದು. ಸಿಟ್ಟು ಬೇಗ ಬರುತ್ತದೆ. ಮದುವೆ ಮುಂಜಿಗಳಿಗೆ ಬರುವುದಿಲ್ಲ, ಗೃಹಪ್ರವೇಶದಲ್ಲಿ ಮುಖ ಕಾಣುವುದಿಲ್ಲ ಎಂಬುದು ಅವರ ಮೇಲಿನ ಮುಖ್ಯ ಆಪಾದನೆ. ಶಾಸಕನೆಂದರೆ ಊಟದ ಪಂಕ್ತಿಯಲ್ಲಿ ಕೈಮುಗಿದುಕೊಂಡು ನಡೆಯುವ ಪ್ರಾಣಿ ಎಂದು ಜನರಿಗೆ ಕಲಿಸಿದವರು ಯಾರು? ಕಾನೂನು ಮಾಡಬೇಕಾದವನು, ಬಜೆಟ್ಟಿನ ಪ್ರತಿ ಕಾಸಿಗೂ ಮಂತ್ರಿಯನ್ನು ನಿಲ್ಲಿಸಿ ಕೇಳಬೇಕಾದವನು ಅಕ್ಷತೆ ಹಾಕುತ್ತ ಐದು ವರ್ಷ ಕಳೆದರೆ ಯಾರಿಗೆ ಲಾಭವೆಂದು ಯೋಚಿಸಬೇಕು. ಕೇಳುವವರಿಲ್ಲದ ಸಭೆಯೆಂದರೆ ಮಂತ್ರಿಗಳಿಗೂ ಕಾಂಟ್ರಾಕ್ಟುದಾರರಿಗೂ ಹಬ್ಬ.

ಇನ್ನೊಂದು ಆಕ್ಷೇಪಣೆ ನಮ್ಮ ಹಿತೈಷಿಗಳದೇ. "ಮನುಷ್ಯ ಒಳ್ಳೆಯವನು, ಆದರೆ ಗೆಲ್ಲುವುದಿಲ್ಲ. ಓಟು ಹಾಳಾಗುತ್ತದೆ" ಎನ್ನುತ್ತಾರೆ. ಎದುರಾಳಿಯ ನಗೆಗಿಂತ ಈ ಮಾತು ಹೆಚ್ಚು ಅಪಾಯದ್ದು. ಇದಕ್ಕೆ ನಮ್ಮ ಮಲೆನಾಡೇ ಹಿಂದೊಮ್ಮೆ ಉತ್ತರ ಕೊಟ್ಟಿದೆ. ಮರೆತವರಿಗಾಗಿ ಅದನ್ನು ಮತ್ತೆ ಹೇಳಬೇಕು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. ಅವರು ಕೇಳಿದ್ದೇನು? ಕ್ರಾಂತಿಯನ್ನಲ್ಲ, ಒಡೆಯರ ತಲೆಯನ್ನಲ್ಲ. ಗೇಣಿಯ ಭತ್ತವನ್ನು ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದರು. ಕಣಕ್ಕೆ ಬಂದ ಒಡೆಯರ ಕೊಳಗ ಸರಕಾರದ ಅಳತೆಗಿಂತ ದೊಡ್ಡದಾಗಿರುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಕೊಳಗದ ಸಂಖ್ಯೆ ಸರಿ, ಕೊಳಗವೇ ಮೋಸದ್ದು. ಮಳೆಯಲ್ಲಿ ನೆಂದು, ಬಿಸಿಲಲ್ಲಿ ಬೆಂದು ಬೆಳೆದವನ ಮನೆಗೆ ಉಳಿದದ್ದು ಹೊಟ್ಟು. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿದರು, ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು, ಏಪ್ರಿಲ್ ತಿಂಗಳಲ್ಲಿ ಸತ್ಯಾಗ್ರಹ ಆರಂಭವಾಯಿತು. ಗದ್ದೆಗಿಳಿದವರನ್ನೆಲ್ಲ ಹಿಡಿದು ಸೆರೆಮನೆಗೆ ತುಂಬಿದರು. ಜೂನ್‌ನಲ್ಲಿ ಡಾಕ್ಟರ್ ರಾಮಮನೋಹರ ಲೋಹಿಯಾ ಅವರೇ ಬಂದರು, ಅವರನ್ನೂ ಬಂಧಿಸಿದರು. ಸ್ವತಂತ್ರ ಭಾರತದ ಪೊಲೀಸರು ಹಿಡಿದದ್ದು ಕಳ್ಳ ಕೊಳಗದವರನ್ನಲ್ಲ, ಕೊಳಗ ಸರಿಮಾಡಿ ಎಂದವರನ್ನು.

ಮರುವರ್ಷವೇ, 1952ರಲ್ಲಿ, ಮೊದಲ ಮಹಾಚುನಾವಣೆ. ಸಾಗರ–ಹೊಸನಗರ ಕ್ಷೇತ್ರಕ್ಕೆ ಸಮಾಜವಾದಿ ಪಕ್ಷದಿಂದ ನಿಂತವರು ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು. ವಯಸ್ಸು 28. ಹಣವಿಲ್ಲ. ಎದುರಿಗೆ ಸ್ವಾತಂತ್ರ್ಯ ತಂದ ಪಕ್ಷ, ಅದರ ಜೋಡೆತ್ತಿನ ಗುರುತು, ದೇಶದ ತುಂಬ ನೆಹರೂ ಅವರ ಹೆಸರಿನ ಜಯಕಾರ. ಆಗ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ ಇಡುತ್ತಿದ್ದರು. ಒಡೆಯರ ಕಣ್ಣೆದುರಿಗೆ ಮತಗಟ್ಟೆಗೆ ಬಂದ ಗೇಣಿದಾರನು ಒಳಗೆ ಹೋಗಿ ತನ್ನ ಚೀಟಿಯನ್ನು ಮರದ ಗುರುತಿನ ಪೆಟ್ಟಿಗೆಗೆ ಹಾಕಿದ. ಒಂದು ಓಟು ಕೊಡಿ, ಅದರ ಜೊತೆಗೆ ಒಂದು ನೋಟೂ ಕೊಡಿ ಎಂದು ಗೋಪಾಲಗೌಡರು ಜನರನ್ನು ಕೇಳಿದ್ದರು. ಓಟು ಕೊಟ್ಟವನಿಗೆ ನೋಟು ಕೊಡುವುದು ಇಂದಿನ ಕ್ರಮ. ಅಂದು ಬಡವರೇ ತಮ್ಮ ಉಮೇದುವಾರನಿಗೆ ಎರಡನ್ನೂ ಕೊಟ್ಟರು.

ಆ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸು ಗೆದ್ದದ್ದು 74. ಸಮಾಜವಾದಿಗಳು ಗೆದ್ದದ್ದು 3. ಆ ಮೂವರಲ್ಲಿ ಒಬ್ಬರು ಗೋಪಾಲಗೌಡರು. 1957ರಲ್ಲಿ ಸೋತರು. 1962ರಲ್ಲೂ 1967ರಲ್ಲೂ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. 1972ರ ಜೂನ್‌ನಲ್ಲಿ ತೀರಿಕೊಂಡರು. ಎರಡು ವರ್ಷವಾಗುವ ಮೊದಲೇ, 1974ರ ಮಾರ್ಚಿಯಲ್ಲಿ, ದೇವರಾಜ ಅರಸು ಅವರ ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿ ಪದ್ಧತಿಯೇ ಹೋಯಿತು. ಕಾಗೋಡಿನ ಕಣದಲ್ಲಿ ಬಿದ್ದ ಬೀಜ ಕಾಂಗ್ರೆಸ್ಸಿನ ಗದ್ದೆಯಲ್ಲಿ ತೆನೆಯಾಯಿತು ಎಂದರೆ ಅದರಲ್ಲಿ ನಮಗೆ ಅಸೂಯೆಯೇನಿಲ್ಲ. ಆದರೆ 1952ರಲ್ಲಿ ಮರದ ಪೆಟ್ಟಿಗೆಗೆ ಚೀಟಿ ಹಾಕಿದವನ ಓಟು ಹಾಳಾಯಿತೇ? ಹಿತೈಷಿಗಳು ಉತ್ತರ ಹೇಳಲಿ.

"ಆ ಕಾಲ ಬೇರೆ" ಎನ್ನುತ್ತಾರೆ. ನಿಜ, ಬೇರೆಯೇ. 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದಲ್ಲಿ ಚುನಾವಣಾ ಆಯೋಗ ವಶಪಡಿಸಿಕೊಂಡ ಹಣ, ಮದ್ಯ, ಚಿನ್ನ, ಕುಕ್ಕರು ಮೊದಲಾದ ಕೊಡುಗೆಗಳ ಮೌಲ್ಯ 375 ಕೋಟಿ ರೂಪಾಯಿ. 2018ರಲ್ಲಿ ಅದು ಸುಮಾರು 84 ಕೋಟಿಯಾಗಿತ್ತು. ಐದೇ ವರ್ಷದಲ್ಲಿ ನಾಲ್ಕು ಪಟ್ಟಿಗಿಂತ ಹೆಚ್ಚು! ಇದು ಸಿಕ್ಕಿಬಿದ್ದದ್ದು. ಸಿಕ್ಕದೆ ಮನೆಮನೆಗೆ ತಲುಪಿದ್ದು ಎಷ್ಟೆಂದು ಹಂಚಿದವರಿಗೇ ಗೊತ್ತು. ವಿಧಾನಸಭೆಯ ಉಮೇದುವಾರನ ಖರ್ಚಿಗೆ ಕಾನೂನಿನ ಮಿತಿಯೊಂದಿದೆ; 2022ರಲ್ಲಿ ಅದನ್ನು 40 ಲಕ್ಷಕ್ಕೆ ಏರಿಸಿದರು. ಆ ಮಿತಿಯನ್ನು ಮೀರಿಲ್ಲವೆಂದು ಎಲ್ಲರೂ ಲೆಕ್ಕ ಒಪ್ಪಿಸುತ್ತಾರೆ. ಕಳ್ಳ ಕೊಳಗ ಮತ್ತೆ ಬಂದಿದೆ, ಸಂಖ್ಯೆ ಮಾತ್ರ ಸರಿ!

ಇನ್ನು ಪಕ್ಷಗಳ ಖರ್ಚಿಗೆ ಮಿತಿಯೇ ಇಲ್ಲ. 1974ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ, ಪಕ್ಷವು ಉಮೇದುವಾರನಿಗಾಗಿ ಮಾಡಿದ ಖರ್ಚನ್ನೂ ಅವನ ಲೆಕ್ಕಕ್ಕೇ ಸೇರಿಸಬೇಕೆಂದಿತು. ನ್ಯಾಯವಾದ ಮಾತು. ಕೂಡಲೇ ಇಂದಿರಾ ಗಾಂಧಿಯವರ ಸರಕಾರ ಕಾನೂನನ್ನೇ ತಿದ್ದಿ ಆ ತೀರ್ಪಿನ ಹಲ್ಲು ಕಿತ್ತಿತು. ಆಮೇಲೆ ಬಂದ ಯಾವ ಪಕ್ಷದ ಸರಕಾರವೂ ಪಕ್ಷಗಳ ಖರ್ಚಿಗೆ ಮಿತಿ ಹಾಕಲಿಲ್ಲ. ಎಲ್ಲದರಲ್ಲಿ ಜಗಳವಾಡುವವರು ಇದರಲ್ಲಿ ಅಣ್ಣತಮ್ಮಂದಿರು. 2018ರಲ್ಲಿ ಚುನಾವಣಾ ಬಾಂಡುಗಳೆಂಬ ಹೊಸ ಕೊಳಗ ಬಂತು. ಯಾವ ಧನಿ ಯಾವ ಪಕ್ಷಕ್ಕೆ ಎಷ್ಟು ಅಳೆದನೆಂದು ಮತದಾರನಿಗೆ ತಿಳಿಯಬಾರದು, ಅದೇ ಅದರ ವಿಶೇಷ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಸಂವಿಧಾನ ಪೀಠ ಅದನ್ನು ಸಂವಿಧಾನಬಾಹಿರವೆಂದು ರದ್ದು ಮಾಡಿತು. ಹೊರಬಿದ್ದ ಲೆಕ್ಕದಲ್ಲಿ 2019ರ ಏಪ್ರಿಲ್‌ನಿಂದೀಚೆಗೆ 12 ಸಾವಿರ ಕೋಟಿಗೂ ಹೆಚ್ಚಿನ ಬಾಂಡುಗಳು! ಸುಮಾರು ಅರ್ಧದಷ್ಟು ಕೇಂದ್ರದಲ್ಲಿ ಆಳುವ ಪಕ್ಷಕ್ಕೆ; ಉಳಿದದ್ದರಲ್ಲಿ ವಿರೋಧ ಪಕ್ಷಗಳೂ ಕೈಚಾಚದೆ ಬಿಟ್ಟಿಲ್ಲ.

ನೋಟು ಪಡೆದು ಓಟು ಹಾಕುವ ಬಡವನನ್ನು ಬೈಯುವುದು ಪಟ್ಟಣದ ಸಭ್ಯರಿಗೆ ಬಹಳ ಸುಲಭ. ನಾವು ಬೈಯುವುದಿಲ್ಲ. ಅವನೊಡನೆ ಕೂತು ಒಂದು ಲೆಕ್ಕ ಮಾಡುತ್ತೇವೆ. ಒಂದು ಓಟಿಗೆ 2 ಸಾವಿರ ಕೊಟ್ಟರೆಂದೇ ಇಟ್ಟುಕೊಳ್ಳೋಣ. ಐದು ವರ್ಷಕ್ಕೆ 1826 ದಿನ. ದಿನಕ್ಕೆ ಬಿದ್ದದ್ದು ಒಂದು ರೂಪಾಯಿ ಹತ್ತು ಪೈಸೆಗಿಂತ ಕಡಿಮೆ. ಸಂತೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬಾರದು. ಈಗ ಇನ್ನೊಂದು ಪಕ್ಕ ನೋಡಿ. 2025–26ನೇ ಸಾಲಿಗೆ ನಮ್ಮ ರಾಜ್ಯ ಸರಕಾರ ಮಂಡಿಸಿದ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ರಾಜ್ಯದಲ್ಲಿ ಸುಮಾರು 7 ಕೋಟಿ ಜನ ಎಂದು ಹಿಡಿದರೆ ತಲೆಗೆ 58 ಸಾವಿರ, ತೊಟ್ಟಿಲ ಮಗುವೂ ಸೇರಿ. ಐದು ವರ್ಷಕ್ಕೆ ಎರಡು ಲಕ್ಷ ತೊಂಬತ್ತು ಸಾವಿರ. ಇಷ್ಟು ಹಣ ನಿನ್ನ ಹೆಸರಿನಲ್ಲಿ ಹೇಗೆ ಖರ್ಚಾಗುತ್ತದೆಂದು ನೋಡುವ ಹಕ್ಕನ್ನು ಎರಡು ಸಾವಿರಕ್ಕೆ ಮಾರಿದೆಯಲ್ಲ ಅಣ್ಣ, ಒಂದು ಹೋರಿಯನ್ನಾದರೂ ಹೀಗೆ ಮಾರುತ್ತೀಯಾ?

ಮೇಲೆ ಹೇಳಿದ ಹಣವನ್ನು ಕಾಯಬೇಕಾದವರ ಚರಿತ್ರೆಯೂ ನೆನಪಿರಲಿ. ನಮ್ಮ ರಾಜ್ಯದಲ್ಲಿ ಲೋಕಾಯುಕ್ತ ಸಂಸ್ಥೆಗೆ 1984ರಲ್ಲಿ ಕಾನೂನು ಆಯಿತು, ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ. ಇದೇ ಸಂಸ್ಥೆ 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟಾಗ ಅಂದಿನ ಬಿಜೆಪಿ ಮುಖ್ಯಮಂತ್ರಿ ಕುರ್ಚಿ ಬಿಡಬೇಕಾಯಿತು. ಅಂದು ಚಪ್ಪಾಳೆ ತಟ್ಟಿದ ಕಾಂಗ್ರೆಸ್ಸು ಅಧಿಕಾರಕ್ಕೆ ಬಂದು ಮಾಡಿದ್ದೇನು? 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳವೆಂಬ ಹೊಸ ದಳ ಕಟ್ಟಿ, ಸರಕಾರದ ಅಧೀನದಲ್ಲಿಟ್ಟು, ಲೋಕಾಯುಕ್ತದ ಪೊಲೀಸರ ಅಧಿಕಾರ ಕಿತ್ತುಕೊಂಡಿತು. ಅದನ್ನು ವಿರೋಧಿಸಿ ಬೀದಿಯಲ್ಲಿ ಕೂಗಿದ ಬಿಜೆಪಿ 2019ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಆ ದಳವನ್ನು ಮುಟ್ಟಲಿಲ್ಲ. ಕಡೆಗೆ 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಅದನ್ನು ರದ್ದುಪಡಿಸಿತು. ಸರಕಾರಿ ಕಾಮಗಾರಿಗಳಲ್ಲಿ ನೂರಕ್ಕೆ ನಲವತ್ತು ಕಮಿಷನ್ ಎಂದು ಕಾಂಟ್ರಾಕ್ಟುದಾರರ ಸಂಘವೇ 2021ರಲ್ಲಿ ದೂರಿತು. ಆ ದೂರನ್ನು ಗೋಡೆಗೋಡೆಗೆ ಅಂಟಿಸಿ ಕಾಂಗ್ರೆಸ್ಸು 2023ರಲ್ಲಿ ಗೆದ್ದಿತು. ಗೆದ್ದು ಒಂದು ವರ್ಷ ಕಳೆಯುತ್ತಲೇ, ಪರಿಶಿಷ್ಟ ಪಂಗಡದವರ ಅಭಿವೃದ್ಧಿಗೆಂದು ಇದ್ದ ನಿಗಮದ ಹಣ ಅಕ್ರಮವಾಗಿ ಬೇರೆ ಖಾತೆಗಳಿಗೆ ಹರಿದ ಪ್ರಕರಣದಲ್ಲಿ ಅದೇ ಸರಕಾರದ ಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟರು. ಮತದಾರನು 2019ರ ನಾಟಕವನ್ನೂ ಮರೆಯಬಾರದು. ಹದಿನೇಳು ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದರು, ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು ಮತ್ತೆ ಸ್ಪರ್ಧಿಸಲು ಬಿಟ್ಟಿತು, ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಹೊಸ ಬಾವುಟ ಹಿಡಿದು ಗೆದ್ದು ಬಂದರು. ಬಾವುಟ ಮಾತ್ರ ಹೊಸದು.

ನಮ್ಮ ಮನೆಯ ಮಾತನ್ನೂ ಹೇಳಿಬಿಡಬೇಕು. ಸಮಾಜವಾದಿಗಳು ಶುದ್ಧರಾಗಿಯೇ ಉಳಿದರೆ? ಇಲ್ಲ. 1952ರಿಂದ ಕೂಡುವುದು, ಒಡೆಯುವುದು, ಮತ್ತೆ ಕೂಡುವುದು, ಇದೇ ನಮ್ಮ ಅರ್ಧ ಚರಿತ್ರೆ. ಗೋಪಾಲಗೌಡರ ಭಾವಚಿತ್ರದ ಕೆಳಗೆ ಕೂತು ಭಾಷಣ ಮಾಡಿ ಬೆಳೆದವರಲ್ಲಿ ಕೆಲವರು ಮಂತ್ರಿಗಳಾದರು, ಕಾರಿನ ಗಾಜು ಏರಿಸಿದರು, ಆಮೇಲೆ ಅವರಿಗೆ ರಸ್ತೆ ಕಾಣಲಿಲ್ಲ. ಇದರಿಂದ ನಾವು ಕಲಿತದ್ದು, ಮನುಷ್ಯ ಒಳ್ಳೆಯವನೆಂಬ ನಂಬಿಕೆಯೊಂದೇ ಸಾಲದು ಎಂಬುದು. ನಮ್ಮ ಉಮೇದುವಾರರು ಗೆದ್ದರೆ ಅವರನ್ನೂ ನಾವು ನಂಬಿಕೊಂಡು ಕೂರುವುದಿಲ್ಲ. ಗೋಡೆಯ ಮೇಲೆ ಬರೆಯುವುದನ್ನು ನಿಲ್ಲಿಸಿದ ತಿಂಗಳೇ ಈ ಪತ್ರಿಕೆ ಅವರ ಮೇಲೆ ಬರೆಯುತ್ತದೆ. ಅವರಿಗೆ ಇದನ್ನು ಮುಖತಃ ಹೇಳಿದ್ದೇವೆ. ಸಿಟ್ಟಾಗಲಿಲ್ಲ, ಬಹುಶಃ ಅವರು ಸಿಟ್ಟಾಗದೆ ಇದ್ದ ಏಕೈಕ ಸಂದರ್ಭ ಅದು.

"ಇನ್ನೂರಿಪ್ಪತ್ತನಾಲ್ಕು ಜನರ ನಡುವೆ ಒಬ್ಬ ಏನು ಮಾಡಿಯಾನು?" ಇದು ಕೊನೆಯ ಆಕ್ಷೇಪಣೆ. 1957ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಫಿರೋಜ್ ಗಾಂಧಿ ಎದ್ದು ನಿಂತರು. ಕಾಂಗ್ರೆಸ್ಸಿನ ಸದಸ್ಯರು, ಪ್ರಧಾನಿಯ ಅಳಿಯ. ಜೀವವಿಮಾ ನಿಗಮದ ಹಣ, ಅಂದರೆ ಸಾಮಾನ್ಯರು ಹೆಂಡತಿ ಮಕ್ಕಳಿಗೆಂದು ಕಟ್ಟಿದ ಹಣ, ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಮುಂದ್ರಾ ಎಂಬ ವ್ಯಾಪಾರಿಯ ಕಂಪೆನಿಗಳ ಷೇರಿಗೆ ಹೋದದ್ದೇಕೆ ಎಂದು ಕೇಳಿದರು. ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣೆ ಬಹಿರಂಗವಾಗಿ ನಡೆಯಿತು, ಕೆಲವೇ ವಾರಗಳಲ್ಲಿ ಮುಗಿಯಿತು. 1958ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿ ಹೋದರು. ಕೇಳಿದವನು ಒಬ್ಬನೇ.

ಲೋಹಿಯಾ ಅವರು 1962ರಲ್ಲಿ ಫೂಲ್‌ಪುರದಲ್ಲಿ ನೆಹರೂ ಅವರಿಗೇ ಎದುರಾಗಿ ನಿಂತು ಸೋತರು. ಓಟು ಹಾಳು ಎಂದು ಅಂದೂ ನಕ್ಕರು. ಮರುವರ್ಷ ಫರೂಕಾಬಾದಿನ ಉಪಚುನಾವಣೆಯಲ್ಲಿ ಗೆದ್ದು ಅದೇ ನೆಹರೂ ಅವರ ಎದುರಿಗೆ ಲೋಕಸಭೆಯಲ್ಲಿ ಕೂತರು. 1963ರ ಆಗಸ್ಟ್‌ನ ಅವಿಶ್ವಾಸ ಚರ್ಚೆಯಲ್ಲಿ ಅವರು ಮಂಡಿಸಿದ್ದು ಒಂದು ಲೆಕ್ಕ: ಪ್ರಧಾನಿಯ ಮೇಲೆ ದಿನಕ್ಕೆ 25 ಸಾವಿರ ರೂಪಾಯಿ ಖರ್ಚು, 27 ಕೋಟಿ ಜನರ ಆದಾಯ ದಿನಕ್ಕೆ ಮೂರಾಣೆ. ಸರಕಾರದ ಕಡೆಯವರು ಹದಿನೈದಾಣೆ ಎಂದರು. ಮೂರೋ ಹದಿನೈದೋ ಎಂದು ದೇಶವೆಲ್ಲ ವಾದ ಮಾಡಿತು. ಮೂರಾಗಲಿ ಹದಿನೈದಾಗಲಿ, ಒಂದು ರೂಪಾಯಿ ತುಂಬಲಿಲ್ಲವೆಂಬುದನ್ನು ಅಂದು ಆಳುವವರೇ ಒಪ್ಪಿಕೊಂಡಂತಾಯಿತು. ಸಂಖ್ಯಾಬಲವಿಲ್ಲದ ಒಬ್ಬ ಸದಸ್ಯ ಸರಕಾರವನ್ನು ಬೀಳಿಸಲಿಲ್ಲ, ಕೊಳಗವನ್ನು ಎಲ್ಲರೆದುರಿಗೆ ತಂದಿಟ್ಟ.

ಸಭೆಯೊಳಗೆ ಓಟು ಮಾರಿಕೊಂಡ ಸದಸ್ಯರಿಗೆ ಮೊಕದ್ದಮೆಯಿಂದ ರಕ್ಷಣೆಯುಂಟೆಂದು 1998ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. 2024ರ ಮಾರ್ಚಿ 4ರಂದು ಏಳು ನ್ಯಾಯಾಧೀಶರ ಪೀಠ ಆ ರಕ್ಷಣೆ ಇಲ್ಲವೆಂದು ತೀರ್ಪು ಕೊಟ್ಟಿತು. ಕಾನೂನು ಈಗ ಸರಿಯಾಗಿದೆ. ಅದರಡಿಯಲ್ಲಿ ದೂರು ಕೊಡುವ ಎದೆಯುಳ್ಳವರು ಸಭೆಯಲ್ಲಿ ಬೇಕು.

ನಮ್ಮ ಉಮೇದುವಾರರು ಮೂರು ಮಾತು ಕೊಟ್ಟಿದ್ದಾರೆ. ತಮ್ಮ, ತಮ್ಮ ಮನೆಯವರ ಆಸ್ತಿಪಾಸ್ತಿಯನ್ನು ಚುನಾವಣೆಯ ಪ್ರಮಾಣಪತ್ರದಲ್ಲಿ ಮಾತ್ರವಲ್ಲ, ವರ್ಷವರ್ಷವೂ ಪ್ರಕಟಿಸುವುದು. ಶಾಸಕರ ನಿಧಿಯಿಂದ ಆದ ಪ್ರತಿ ಕೆಲಸದ ಅಂದಾಜು, ಗುತ್ತಿಗೆ ಹಿಡಿದವನ ಹೆಸರು, ಕೊಟ್ಟ ಹಣ ಇವನ್ನು ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸುವುದು. ಪಕ್ಷ ಬಿಡುವುದಾದರೆ ಸ್ಥಾನವನ್ನೂ ಬಿಟ್ಟು ಮೊದಲು ಜನರ ಬಳಿಗೆ ಬರುವುದು. ರಸ್ತೆ ಹಾಕಿಸುತ್ತೇನೆ, ಸೇತುವೆ ಕಟ್ಟಿಸುತ್ತೇನೆ ಎಂದು ಹೇಳಿಲ್ಲ. ಅದನ್ನು ಹಾಲಿ ಶಾಸಕರು ಸಾಕಷ್ಟು ಹೇಳಿದ್ದಾರೆ. ಅವರು ಎರಡು ಸಲ ಶಂಕುಸ್ಥಾಪನೆ ಮಾಡಿದ ಸೇತುವೆಯ ಎರಡೂ ಕಲ್ಲುಗಳು ಹೊಳೆಯ ಈಚೆ ದಡದಲ್ಲೇ ಇವೆ. ದಾಟಲು ಸೇತುವೆಯಿಲ್ಲದ ಕಾರಣ ಆಚೆ ದಡದಲ್ಲಿ ಕಲ್ಲು ನೆಡಲಾಗಲಿಲ್ಲವೇನೋ.

ಠೇವಣಿಯ 10 ಸಾವಿರವನ್ನು ಕೂಲಿಕಾರರು, ಬೀಡಿ ಕಟ್ಟುವ ಹೆಂಗಸರು, ಇಬ್ಬರು ನಿವೃತ್ತ ಮಾಸ್ತರರು ಸೇರಿ ಕೂಡಿಸಿದ್ದಾರೆ. ಬಿದ್ದ ಓಟಿನಲ್ಲಿ ಆರನೆಯ ಒಂದು ಪಾಲು ಮೀರದಿದ್ದರೆ ಅದು ಸರಕಾರದ ಪಾಲಾಗುತ್ತದೆ. ಕೊಟ್ಟವರಿಗೆ ಅದು ಗೊತ್ತು, ಗೊತ್ತಿದ್ದೇ ಕೊಟ್ಟಿದ್ದಾರೆ. ಕರಪತ್ರದ ಅಚ್ಚಿಗೆ, ಜೀಪಿನ ಡೀಸೆಲ್ಲಿಗೆ ಇನ್ನೂ ಹಣ ಬೇಕು. ಮುಂದಿನ ಸಂತೆಯ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನಮ್ಮ ಕಾರ್ಯಕರ್ತರು ಅಂಚೆ ಕಚೇರಿಯ ಎದುರಿನ ಆಲದ ಕಟ್ಟೆಯ ಮೇಲೆ ರಸೀತಿ ಪುಸ್ತಕ ಹಿಡಿದು ಕೂತಿರುತ್ತಾರೆ. ಹತ್ತು ರೂಪಾಯಿಯ ನೋಟಿಗೂ ರಸೀತಿ ಉಂಟು. ಎರಡು ಸಾವಿರಕ್ಕೆ ಮೇಲ್ಪಟ್ಟ ನಗದನ್ನು ಯಾರಿಂದಲೂ ತೆಗೆದುಕೊಳ್ಳುವುದಿಲ್ಲ. ಅಂದಂದಿನ ಜಮಾ ಖರ್ಚನ್ನು ಸಂಜೆ ಅದೇ ಕಟ್ಟೆಯ ಮೇಲೆ ಹಲಗೆಗೆ ಬರೆದು ನಿಲ್ಲಿಸುತ್ತಾರೆ. ಹಾಲಿ ಶಾಸಕರ ಕಡೆಯವರೂ ಬಂದು ಓದಿಕೊಳ್ಳಬಹುದು.